ರಾತ್ರಿ ಹನ್ನೆರಡೂವರೆಯ ಆಟ: ಅಪರೂಪಕ್ಕೆ ಫುಟ್‌ಬಾಲ್ ನೋಡುವವರಿಗೆ

ನಮ್ಮ ಕರಾವಳಿಯಲ್ಲಿ ‘ಇವತ್ತು ರಾತ್ರಿ ಆಟ ಉಂಟು’ ಅಂದರೆ ಯಕ್ಷಗಾನ. ಅದನ್ನು ನೋಡುವವರಲ್ಲಿ ಎರಡು ಬಗೆ. ಮೇಳದ ಹಿಂದೆಯೇ ತಿರುಗಿ, ಯಾವ ಭಾಗವತರು ಯಾವ ಪದ್ಯ ಎಷ್ಟು ಹೊತ್ತು ಎಳೆದರು ಎಂದು ಲೆಕ್ಕ ಇಡುವವರು ಒಂದು ಬಗೆ. ಊಟ ಮುಗಿಸಿ ಬಂದು, ವೇಷ ಕಟ್ಟುವ ಚೌಕಿಯಲ್ಲೊಮ್ಮೆ ಇಣುಕಿ, ಚುರುಮುರಿ ತಿಂದು, ನಡುವೆ ತೂಕಡಿಸಿ, ದೊಂದಿ ಹಿಡಿದು ಮಹಿಷಾಸುರ ಬರುವ ಹೊತ್ತಿಗೆ ಸರಿಯಾಗಿ ಎದ್ದು ಕೂರುವವರು ಇನ್ನೊಂದು ಬಗೆ. ಎರಡನೆಯವರಿಗೆ ‘ನಿಮಗೆ ಆಟ ಗೊತ್ತಿಲ್ಲ’ ಎಂದು ಯಾರೂ ಹೇಳುವುದಿಲ್ಲ. ಫುಟ್‌ಬಾಲಿನಲ್ಲಿ ಮಾತ್ರ ಯಾಕೋ ಅಪರೂಪಕ್ಕೆ ನೋಡುವವರು ಮುಜುಗರಪಡುತ್ತಾರೆ. ಕ್ಲಬ್‌ಗಳ ಹೆಸರು ಗೊತ್ತಿಲ್ಲ, ಯಾರು ಎಲ್ಲಿಂದ ಎಲ್ಲಿಗೆ ಹೋದರು ಗೊತ್ತಿಲ್ಲ ಎಂಬ ಹಿಂಜರಿಕೆ.

ಆದರೆ ದೇಶ-ದೇಶಗಳ ನಡುವಿನ ಫುಟ್‌ಬಾಲ್ ಅಂಥವರಿಗೇ ಹೇಳಿ ಮಾಡಿಸಿದ್ದು. ಅದಕ್ಕೆ ಕಾರಣ ಭಾವುಕವಾದದ್ದಲ್ಲ, ಆಟದ ಒಳಗೇ ಇದೆ. ಕ್ಲಬ್ಬಿಗೆ ಎಡ ಬದಿಯ ರಕ್ಷಕ ಸರಿ ಇಲ್ಲದಿದ್ದರೆ ಹಣ ಕೊಟ್ಟು ಇನ್ನೊಬ್ಬನನ್ನು ತರುತ್ತದೆ. ನಮ್ಮೂರ ವಾಲಿಬಾಲ್ ಟೂರ್ನಿಗೆ ಹೊರಗಿನ ಆಟಗಾರರನ್ನು ಕರೆಸುವ ಹಾಗೆ. ದೇಶದ ತಂಡಕ್ಕೆ ಆ ಸೌಕರ್ಯ ಇಲ್ಲ. ಇದ್ದವರಲ್ಲೇ ಸಂಸಾರ ಸಾಗಿಸಬೇಕು. ಹಾಗಾಗಿ ದೊಡ್ಡ ತಂಡದಲ್ಲೂ ಒಂದು ಸಡಿಲ ಜಾಗ ಉಳಿದೇ ಇರುತ್ತದೆ. ಮೇಲಾಗಿ ಆಟಗಾರರು ಒಟ್ಟಿಗೆ ಅಭ್ಯಾಸ ಮಾಡುವುದು ವರ್ಷದಲ್ಲಿ ಕೆಲವೇ ವಾರ. ಅಷ್ಟರಲ್ಲಿ ತೀರಾ ಜಟಿಲವಾದ ತಂತ್ರ ಕೂರುವುದಿಲ್ಲ. ಕ್ಲಬ್ ಫುಟ್‌ಬಾಲಿಗಿಂತ ಇದು ನೇರ, ಒರಟು, ಹೊಸ ಕಣ್ಣಿಗೂ ಬೇಗ ದಕ್ಕುವಂಥದ್ದು.

ಮೊದಲು ಗಡಿಯಾರ

ಹೆಚ್ಚಿನವರು ಎಡವುವುದು ಇಲ್ಲೇ. ‘ಶನಿವಾರ ರಾತ್ರಿ 9ಕ್ಕೆ’ ಎಂದು ಎಲ್ಲೋ ನೋಡಿ ಶನಿವಾರ ರಾತ್ರಿ ಟಿವಿ ಮುಂದೆ ಕೂರುತ್ತಾರೆ. ಅಮೆರಿಕದ ಪೂರ್ವ ಕರಾವಳಿಯ ಶನಿವಾರ ರಾತ್ರಿ 9 ನಮಗೆ ಭಾನುವಾರ ಬೆಳಗ್ಗೆ 6.30. ದಿನಾಂಕವೇ ಬೇರೆ.

ಲೆಕ್ಕ ಹೀಗೆ ಇಟ್ಟುಕೊಳ್ಳಿ. ಕತಾರ್, ಸೌದಿಗೆ ಎರಡೂವರೆ ಗಂಟೆ ಕೂಡಿಸಿ. ಗಲ್ಫಿನಲ್ಲಿ ಮನೆಯವರಿದ್ದರೆ ಈ ಲೆಕ್ಕ ನಿಮಗೆ ಬಾಯಿಪಾಠವಾಗಿರುತ್ತದೆ. ಬೇಸಿಗೆಯಲ್ಲಿ ಜರ್ಮನಿ, ಸ್ಪೇನ್, ಫ್ರಾನ್ಸಿಗೆ ಮೂರೂವರೆ, ಬ್ರಿಟನ್ನಿಗೆ ನಾಲ್ಕೂವರೆ. ಚಳಿಗಾಲದಲ್ಲಿ ಯುರೋಪಿನವರು ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ. ಹಾಗಾಗಿ ಅಲ್ಲಿ 8.45ಕ್ಕೆ ಶುರುವಾಗುವ ಅದೇ ಅರ್ಹತಾ ಪಂದ್ಯ ಸೆಪ್ಟೆಂಬರಿನಲ್ಲಿ ನಮಗೆ 12.15ಕ್ಕೆ, ನವೆಂಬರಿನಲ್ಲಿ 1.15ಕ್ಕೆ. ಬದಲಾಗುವುದು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ. ಉತ್ತರ ಅಮೆರಿಕದಲ್ಲಿ ನ್ಯೂಯಾರ್ಕಿಗೆ ಒಂಬತ್ತೂವರೆ, ಡಲ್ಲಾಸಿಗೆ ಹತ್ತೂವರೆ, ಮೆಕ್ಸಿಕೋ ಸಿಟಿಗೆ ಹನ್ನೊಂದೂವರೆ, ಲಾಸ್ ಏಂಜಲೀಸಿಗೆ ಹನ್ನೆರಡೂವರೆ ಗಂಟೆ ಕೂಡಿಸಬೇಕು.

ಇದರಲ್ಲೊಂದು ತಮಾಷೆ ಉಂಟು. ಕತಾರಿನ ರಾತ್ರಿ 10, ಜರ್ಮನಿಯ 9, ಇಂಗ್ಲೆಂಡಿನ 8, ನ್ಯೂಯಾರ್ಕಿನ ಮಧ್ಯಾಹ್ನ 3, ಮೆಕ್ಸಿಕೋ ಸಿಟಿಯ 1, ಲಾಸ್ ಏಂಜಲೀಸಿನ ನಡುಮಧ್ಯಾಹ್ನ 12, ಎಲ್ಲವೂ ನಮಗೆ ರಾತ್ರಿ 12.30. ಟೂರ್ನಿ ಎಲ್ಲೇ ನಡೆಯಲಿ, ದೊಡ್ಡ ಪಂದ್ಯ ಬಂದು ಬೀಳುವುದು ಬಹುತೇಕ ಈ ಹೊತ್ತಿಗೇ. ಹಾಗಾಗಿ ಅಭ್ಯಾಸ ಮಾಡಿಕೊಳ್ಳಬೇಕಾದ್ದು ಒಂದೇ: ರಾತ್ರಿ 9ಕ್ಕೆ ಮಲಗಿ 12.20ಕ್ಕೆ ಏಳುವುದು, ಪಂದ್ಯ ಮುಗಿದು 2.30ಕ್ಕೆ ಮತ್ತೆ ಮಲಗುವುದು. 12.30ರವರೆಗೆ ಮೊಬೈಲ್ ನೋಡುತ್ತಾ ಎಚ್ಚರ ಇರುವವರು ಸಾಮಾನ್ಯವಾಗಿ 20ನೇ ನಿಮಿಷಕ್ಕೆ ಸೋಫಾದಲ್ಲೇ ಗೊರಕೆ ಹೊಡೆಯುತ್ತಾರೆ.

3.30ರ ಪಂದ್ಯಕ್ಕೆ ಏಳಬೇಡಿ. ನಿದ್ದೆ ಎರಡು ತುಂಡಾಗಿ ಮರುದಿನ ಪೂರ್ತಿ ಹಾಳು. ಬೆಳಗ್ಗೆ ಮರುಪ್ರಸಾರ ನೋಡಿ, ಆದರೆ ಫೋನ್ ಮುಟ್ಟುವ ಮೊದಲು. ಪೇಪರ್ ಓದಲು ಅಡ್ಡಿಯಿಲ್ಲ, ಆ ಹೊತ್ತಿನ ಫಲಿತಾಂಶ ಅಚ್ಚಿಗೆ ಸಿಕ್ಕಿರುವುದಿಲ್ಲ. ಅಪಾಯ ಇರುವುದು ವಾಟ್ಸ್ಆ್ಯಪಿನ ಸ್ಟೇಟಸ್‌ನಲ್ಲಿ. ಇನ್ನು 6.30ರ ಪಂದ್ಯಗಳು ಮನೆಮಂದಿಯೆಲ್ಲ ನೋಡಲು ಅತ್ಯುತ್ತಮ. ಹಿಂದಿನ ರಾತ್ರಿಯೇ ಬಾಳೆಹಣ್ಣು ಕಲಸಿ ಬನ್ಸಿನ ಹಿಟ್ಟು ನಾದಿಟ್ಟರೆ ವಿರಾಮದ 15 ನಿಮಿಷದಲ್ಲಿ ಕಾಯಿಸಿ ಮುಗಿಸಬಹುದು.

ಎಷ್ಟು ಪಂದ್ಯ, ಯಾವುವು

2026ರ ವಿಶ್ವಕಪ್ಪನ್ನೇ ಲೆಕ್ಕಕ್ಕೆ ಹಿಡಿಯಿರಿ: ಜೂನ್ 11ರಿಂದ ಜುಲೈ 19, ಅಮೆರಿಕ–ಕೆನಡಾ–ಮೆಕ್ಸಿಕೋ, 48 ತಂಡ, ತಲಾ ನಾಲ್ಕು ತಂಡಗಳ 12 ಗುಂಪು, ಒಟ್ಟು 104 ಪಂದ್ಯ. ಪಂದ್ಯಕ್ಕೆ ಎರಡು ಗಂಟೆ ಅಂದರೂ 208 ಗಂಟೆ. ಯಾರಿಂದಲೂ ಆಗದು, ಆಗಬೇಕಾಗಿಯೂ ಇಲ್ಲ. ಮೊದಲ ವಾರ ದಿನಕ್ಕೆ ಮೂರು ಪಂದ್ಯ ನೋಡಿದವರು ಕ್ವಾರ್ಟರ್ ಫೈನಲ್ ಹೊತ್ತಿಗೆ ಸುಸ್ತಾಗಿ, ನಿಜವಾದ ಗಮ್ಮತ್ತು ಶುರುವಾಗುವಾಗ ಕೈಬಿಡುತ್ತಾರೆ.

ಹನ್ನೆರಡು ಪಂದ್ಯ ಸಾಕು. ನಿಮ್ಮ ತಂಡದ ಗುಂಪು ಹಂತದ ಮೂರು, ಬೇರೆ ಗುಂಪುಗಳ ಕೊನೆಯ ಸುತ್ತಿನ ಎರಡು, ಸೋತವರು ಮನೆಗೆ ಹೋಗುವ ಹಂತದ ಶುರುವಿನಲ್ಲಿ ಎರಡು, ಕ್ವಾರ್ಟರ್ ಫೈನಲಿನ ಎರಡು, ಎರಡೂ ಸೆಮಿಫೈನಲ್, ಮತ್ತೆ ಫೈನಲ್.

ಗುಂಪಿನ ಮೊದಲ ಪಂದ್ಯಗಳಲ್ಲಿ ಎಲ್ಲರೂ ಸೋಲದಿರಲು ಆಡುತ್ತಾರೆ, ಹೆಚ್ಚಿನವು ಸಪ್ಪೆ. ಕೊನೆಯ ಸುತ್ತು ಹಾಗಲ್ಲ. ಒಂದೇ ಗುಂಪಿನ ಎರಡು ಪಂದ್ಯ ಒಂದೇ ಹೊತ್ತಿಗೆ ಶುರುವಾಗುತ್ತವೆ. ಈ ಪದ್ಧತಿ ಬಂದದ್ದಕ್ಕೂ ಒಂದು ಹಿನ್ನೆಲೆ ಇದೆ. 1982ರ ವಿಶ್ವಕಪ್ಪಿನಲ್ಲಿ ಸ್ಪೇನಿನ ಹಿಹೋನ್‌ನಲ್ಲಿ ಪಶ್ಚಿಮ ಜರ್ಮನಿ ಆಸ್ಟ್ರಿಯಾ ವಿರುದ್ಧ ಒಂದು ಗೋಲು ಹೊಡೆಯಿತು. ಆ 1–0 ಅಂತರದಲ್ಲಿ ಮುಗಿದರೆ ಇಬ್ಬರೂ ಮುಂದೆ, ಹಿಂದಿನ ದಿನವೇ ಆಟ ಮುಗಿಸಿದ್ದ ಅಲ್ಜೀರಿಯಾ ಹೊರಗೆ. ಉಳಿದ ಹೊತ್ತು ಎರಡೂ ತಂಡ ಚೆಂಡನ್ನು ಸುಮ್ಮನೆ ಆಚೀಚೆ ತಳ್ಳಿದವು. ಅದಾದ ಮೇಲೆ ಕೊನೆಯ ಸುತ್ತು ಏಕಕಾಲಕ್ಕೆ.

ಆದರೂ ಲೆಕ್ಕಾಚಾರ ನಿಂತಿಲ್ಲ. 2018ರಲ್ಲಿ ಜಪಾನ್ ಪೋಲೆಂಡಿಗೆ 1–0 ಸೋಲುತ್ತಿದ್ದರೂ ಕೊನೆಯ ಹತ್ತು ನಿಮಿಷ ಗೋಲಿಗೆ ಪ್ರಯತ್ನಿಸಲೇ ಇಲ್ಲ. ಅತ್ತ ಸೆನೆಗಲ್ ಕೂಡ ಕೊಲಂಬಿಯಾಕ್ಕೆ 1–0 ಸೋಲುತ್ತಿತ್ತು. ಅಂಕ, ಗೋಲು ಎಲ್ಲ ಸಮ. ಹಳದಿ ಕಾರ್ಡು ಜಪಾನಿಗೆ 4, ಸೆನೆಗಲ್‌ಗೆ 6. ಕಾರ್ಡು ಕಡಿಮೆ ಇದ್ದುದರಿಂದ ಜಪಾನ್ ಮುಂದೆ ಹೋಯಿತು. ಇಂಥ ರಾತ್ರಿ ಟಿವಿಯಲ್ಲಿ ಒಂದು ಪಂದ್ಯ, ಫೋನಿನಲ್ಲಿ ಇನ್ನೊಂದರ ಸ್ಕೋರ್, ಕೈಯಲ್ಲಿ ಗುಂಪಿನ ಪಟ್ಟಿ ಬರೆದ ಹಾಳೆ ಇರಲಿ. ಈ ಹಾಳೆ ಇಲ್ಲದೆ ನೋಡಿದರೆ ಆಟಗಾರರು ಯಾಕೆ ಹೀಗೆ ನಿಂತಿದ್ದಾರೆ ಎಂದೇ ತಿಳಿಯುವುದಿಲ್ಲ. 48 ತಂಡಗಳ ಪದ್ಧತಿಯಲ್ಲಿ ಪ್ರತಿ ಗುಂಪಿನ ಮೊದಲ ಎರಡು ತಂಡಗಳ ಜೊತೆ ಮೂರನೇ ಸ್ಥಾನದವರಲ್ಲಿ ಉತ್ತಮ ಎಂಟು ತಂಡ 32ರ ಸುತ್ತಿಗೆ ಹೋಗುತ್ತವೆ. ಅಂದರೆ ಬೇರೆ ಗುಂಪುಗಳ ಮೂರನೆಯವರ ಅಂಕವನ್ನೂ ಹಾಳೆಯ ಮೂಲೆಯಲ್ಲಿ ಬರೆದಿಡಬೇಕು.

ಸೌಹಾರ್ದ ಪಂದ್ಯಗಳಿಂದ ಮಾತ್ರ ಶುರು ಮಾಡಬೇಡಿ. ತರಬೇತುದಾರರು ಅಲ್ಲಿ ಆಟಗಾರರನ್ನು ಪರೀಕ್ಷೆಗೆ ಇಳಿಸುತ್ತಾರೆ. ಎರಡನೇ ಅರ್ಧದಲ್ಲಿ ಅರ್ಧ ತಂಡವೇ ಬದಲಾಗಿ ಆಟದ ಓಘ ಸತ್ತುಹೋಗುತ್ತದೆ. ಅದನ್ನು ನೋಡಿ ಫುಟ್‌ಬಾಲೇ ಬೇಡ ಅಂದವರು ಬಹಳ ಮಂದಿ.

ತಂಡ ಆರಿಸುವುದು

ಯಾರ ಪರವೂ ಇಲ್ಲದೆ ಫುಟ್‌ಬಾಲ್ ನೋಡಿದರೆ 90 ನಿಮಿಷ ಬಹಳ ಉದ್ದ. ಭಾರತ ವಿಶ್ವಕಪ್ಪಿನಲ್ಲಿ ಆಡಿಯೇ ಇಲ್ಲ, 1950ರಲ್ಲಿ ಅವಕಾಶ ಇದ್ದೂ ಹೋಗಲಿಲ್ಲ. ಹಾಗಾಗಿ ನಾವು ಸಾಲ ತರಬೇಕು. ತಲಪಾಡಿ ದಾಟಿ ಕೇರಳಕ್ಕೆ ಕಾಲಿಟ್ಟರೆ ಸಾಕು, ಅರ್ಜೆಂಟೀನಾ ಇಲ್ಲವೇ ಬ್ರೆಜಿಲ್ ಎಂಬ ಎರಡೇ ಪಂಗಡ. 2022ರಲ್ಲಿ ಕೋಝಿಕ್ಕೋಡಿನ ಪುಳ್ಳಾವೂರಿನಲ್ಲಿ ಹೊಳೆಯ ನಡುವೆಯೇ ಮೆಸ್ಸಿ ಕಟೌಟ್, ದಡದಲ್ಲಿ ನೇಮಾರ್ ಕಟೌಟ್ ನಿಂತಿತ್ತು. ಮಂಗಳೂರಿನಲ್ಲೂ ಆ ಗಾಳಿ ಇದ್ದೇ ಇದೆ. ಅದಕ್ಕೆ ಸೇರಿಕೊಂಡರೆ ಜೊತೆಗೆ ಕೂಗಲು ಜನ ಸಿಗುತ್ತಾರೆ, ಅದು ಸಣ್ಣ ಲಾಭ ಅಲ್ಲ.

ನಮ್ಮ ಸಲಹೆ: ಎರಡು ತಂಡ ಇಟ್ಟುಕೊಳ್ಳಿ. ಒಂದು ದೂರ ಹೋಗುವ ಸಾಧ್ಯತೆ ಇರುವ ದೊಡ್ಡದು, ಇನ್ನೊಂದು ಚಿಕ್ಕದು. ಚಿಕ್ಕದನ್ನು ಆರಿಸುವಾಗ ಜನಸಂಖ್ಯೆ ನೋಡಿ. 2016ರ ಯುರೋದಲ್ಲಿ (ಯುರೋಪಿನ ದೇಶಗಳ ಟೂರ್ನಿ) ಇಂಗ್ಲೆಂಡನ್ನು 2–1ರಿಂದ ಸೋಲಿಸಿದ ಐಸ್‌ಲ್ಯಾಂಡ್ ಇಡೀ ದೇಶದ ಜನ ಮಂಗಳೂರು ನಗರದ ಜನಕ್ಕಿಂತ ಕಡಿಮೆ. 2026ಕ್ಕೆ ಅರ್ಹತೆ ಪಡೆದ ಕುರಸಾವ್ ಕೆರಿಬಿಯನ್ ದ್ವೀಪದಲ್ಲಿ ಸುಮಾರು ಒಂದೂವರೆ ಲಕ್ಷ ಜನ, ಹೆಚ್ಚುಕಡಿಮೆ ಉಡುಪಿ ನಗರದಷ್ಟು. ವಿಶ್ವಕಪ್ಪಿಗೆ ಬಂದ ಅತಿ ಚಿಕ್ಕ ನಾಡು ಅದೇ. ಉಡುಪಿಯ ಅಜ್ಜರಕಾಡು ಮೈದಾನದಲ್ಲಿ ಆಡಿ ಬೆಳೆದ ಹುಡುಗರೇ ಒಂದು ತಂಡವಾಗಿ ವಿಶ್ವಕಪ್ಪಿಗೆ ಹೋದರೆ ಹೇಗಿರುತ್ತದೆ, ಊಹಿಸಿಕೊಳ್ಳಿ.

ಇನ್ನೊಂದು ಲೌಕಿಕ ಮಾನದಂಡ: ಗುಂಪು ಹಂತದ ಮೂರರಲ್ಲಿ ಎರಡು ಪಂದ್ಯವಾದರೂ ನೀವು ಎಚ್ಚರ ಇರುವ ಹೊತ್ತಿಗೆ ಬೀಳುವ ತಂಡವನ್ನೇ ಆರಿಸಿ. ಮೂರೂ 3.30ಕ್ಕೆ ಇದ್ದರೆ ಎಂಥ ಪ್ರೀತಿಯೂ ಉಳಿಯುವುದಿಲ್ಲ. ನಿಮ್ಮ ತಂಡ ಸೋತು ಹೋದರೆ ಅದನ್ನು ಸೋಲಿಸಿದ ತಂಡಕ್ಕೆ ಪಕ್ಷಾಂತರ ಮಾಡಬಹುದು. ಅಪರೂಪದ ಅಭಿಮಾನಿಗೆ ಇರುವ ದೊಡ್ಡ ರಿಯಾಯಿತಿ ಅದು.

ಆಟಗಾರರ ಪೈಕಿ ಹತ್ತು ಹೆಸರು ಗೊತ್ತಿದ್ದರೆ ಧಾರಾಳ. ಹೆಸರಿಗಿಂತ ಊರು ತಿಳಿದುಕೊಳ್ಳಿ, ಕತೆ ತಾನಾಗಿ ತೆರೆದುಕೊಳ್ಳುತ್ತದೆ. 2022ರ ವಿಶ್ವಕಪ್ಪಿನಲ್ಲಿ ಮೊರಾಕೊ ಸ್ಪೇನನ್ನು ಪೆನಾಲ್ಟಿಯಲ್ಲಿ ಹೊರಗಟ್ಟಿತು. ಕೊನೆಯ ಒದೆತವನ್ನು ಗೋಲಿನ ನಡುವಿಗೇ ಮೆಲ್ಲಗೆ ಎತ್ತಿ ಹಾಕಿದ ಅಶ್ರಫ್ ಹಕೀಮಿ ಹುಟ್ಟಿದ್ದು ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ನಲ್ಲಿ. ಮುಂಬಯಿಯಲ್ಲಿ, ದುಬೈಯಲ್ಲಿ ಹುಟ್ಟಿ ‘ನಮ್ಮ ಊರು ಉಡುಪಿ’ ಅನ್ನುವ ಮಕ್ಕಳಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಳೆಗಾಲದ ತಯಾರಿ

ವಿಶ್ವಕಪ್, ಯುರೋ, ದಕ್ಷಿಣ ಅಮೆರಿಕದ ಕೋಪಾ ಅಮೆರಿಕ ಹೆಚ್ಚಾಗಿ ಬರುವುದು ಜೂನ್–ಜುಲೈಯಲ್ಲಿ. ನಮ್ಮಲ್ಲಿ ಜಡಿಮಳೆ. ಬೋಟುಗಳಿಗೆ ರಜೆ ಇರುವುದರಿಂದ ಮಲ್ಪೆ, ಬಂದರು ಕಡೆಯವರಿಗೆ ರಾತ್ರಿ ಬಿಡುವು ಉಂಟು ನಿಜ. ಆದರೆ ಕರೆಂಟು ಇರಬೇಕಲ್ಲ. ಇವನ್ನು ಮೇ ತಿಂಗಳಲ್ಲೇ ಮುಗಿಸಿ.

ಇನ್ವರ್ಟರ್: 150 ಆಂಪಿಯರ್-ಅವರ್, 12 ವೋಲ್ಟಿನ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವಾಟ್-ಅವರ್ ಇದ್ದರೂ ನಷ್ಟ ಕಳೆದು ಕೈಗೆ ಸಿಗುವುದು 1100ರ ಆಸುಪಾಸು. 43 ಇಂಚಿನ ಟಿವಿ 80 ವಾಟ್, ಸೆಟ್‌ಟಾಪ್ ಬಾಕ್ಸ್ 10, ಇಂಟರ್ನೆಟ್ಟಿನ ಪೆಟ್ಟಿಗೆ 15, ಹಳೆಯ ಫ್ಯಾನು 75, ಒಟ್ಟು 180. ಹೊಸ ಬ್ಯಾಟರಿಯಾದರೆ ಆರು ಗಂಟೆ ಬರುತ್ತದೆ. ನಾಲ್ಕು ವರ್ಷ ಹಳತಾದರೆ ಅರ್ಧವೂ ಅನುಮಾನ. ಹೆಚ್ಚುವರಿ ಆಟ, ಪೆನಾಲ್ಟಿ ಎಲ್ಲ ಸೇರಿದರೆ ಪಂದ್ಯ ಎರಡೂಮುಕ್ಕಾಲು ಗಂಟೆ ಹಿಡಿಯುತ್ತದೆ. ಸಂಜೆಯೇ ಕರೆಂಟು ಹೋಗಿದ್ದರೆ ಪೆನಾಲ್ಟಿ ಹೊತ್ತಿಗೆ ಬ್ಯಾಟರಿ ಕೈಕೊಡುವುದು ಹೀಗೆ. ಡಿಸ್ಟಿಲ್ಡ್ ವಾಟರ್ ತುಂಬಿಸಿಡಿ. ಸಂಜೆಯಿಂದ ಬೇಡದ ಲೈಟು ಆರಿಸಿ.

ಡಿಶ್: ಉಪಗ್ರಹದಿಂದ ಬರುವ ಸಂಕೇತವನ್ನು ದಪ್ಪ ಮಳೆ ಹೀರಿಬಿಡುತ್ತದೆ. ಹಾಗಾಗಿ ಬಿರುಮಳೆ ಬಂದಾಗ ‘ಸಿಗ್ನಲ್ ಇಲ್ಲ’ ಎಂದು ಬರುವುದು ಡಿಶ್ಶಿನ ದೋಷ ಅಲ್ಲ. ಮಳೆಯ ಜೋರು ಇಳಿದರೆ ತಾನಾಗಿ ಬರುತ್ತದೆ. ಸಣ್ಣ ಮಳೆಗೂ ಹೋಗುತ್ತಿದ್ದರೆ ಮಾತ್ರ ತೊಂದರೆ ಬೇರೆ: ಡಿಶ್ಶಿನ ಮುಂದೆ ತೆಂಗಿನ ಗರಿ ಬೆಳೆದು ಅಡ್ಡ ಬಂದಿರಬಹುದು, ಇಲ್ಲವೇ ವೈರು ಸೇರುವ ಕಡೆ ನೀರು ಇಳಿದು ತಾಮ್ರ ಹಸಿರಾಗಿರಬಹುದು. ಆ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ ರಬ್ಬರ್ ಟೇಪು ಸುತ್ತಿದರೆ ಸರಿಹೋಗುತ್ತದೆ. ಪಂದ್ಯದ ನಡುವೆ ಜಾರುವ ಹಂಚಿನ ಮೇಲೆ ಹತ್ತುವ ಸಾಹಸ ಯಾವ ಗೋಲಿಗೂ ಬೇಡ.

ಇಂಟರ್ನೆಟ್: ಮನೆಯಲ್ಲಿ ಇನ್ವರ್ಟರ್ ಇದ್ದೂ ನೆಟ್ ಹೋದರೆ, ರಸ್ತೆ ಬದಿಯಲ್ಲಿರುವ ಕೇಬಲಿನವರ ಪೆಟ್ಟಿಗೆಗೆ ಕರೆಂಟು ಇಲ್ಲದಿರಬಹುದು. ಮನೆಯ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗಿದರೆ ಎಲ್ಲೋ ಕೊಂಬೆ ಬಿದ್ದು ಫೈಬರ್ ತುಂಡಾಗಿರಬಹುದು. ಆಫ್ ಮಾಡಿ ಆನ್ ಮಾಡಿದರೆ ಏನೂ ಆಗದು. ಎರಡಕ್ಕೂ ಮೊಬೈಲ್ ಡೇಟಾವೇ ಗತಿ. ಎಚ್‌ಡಿಯಲ್ಲಿ ಗಂಟೆಗೆ ಎರಡು-ಮೂರು ಜಿಬಿ ಹೋಗುತ್ತದೆ, ಚಿತ್ರದ ಗುಣಮಟ್ಟ 480ಪಿಗೆ ಇಳಿಸಿದರೆ ಒಂದು ಜಿಬಿಯೊಳಗೆ. ಹೆಚ್ಚಿನ ಪ್ರಿಪೇಯ್ಡ್ ಪ್ಲಾನಿನಲ್ಲಿ ದಿನದ ಡೇಟಾ ಮಧ್ಯರಾತ್ರಿ ಹೊಸದಾಗುತ್ತದೆ. 12.30ರ ಪಂದ್ಯಕ್ಕೆ ಹೊಸ ಕೋಟಾ ಸಿಗುತ್ತದೆ ನಿಜ, ಬೆಳಗ್ಗೆ ಕೆಲಸಕ್ಕೆ ಕೂತಾಗ ಖಾಲಿ. ಹಾಗಾಗಿ ಬೇರೆ ಸಿಮ್ಮಿನಲ್ಲಿ ಒಂದು ದಿನದ ಟಾಪ್‌ಅಪ್ ಇಟ್ಟುಕೊಳ್ಳಿ.

ಆ್ಯಪಿನಲ್ಲಿ ನೋಡುವಾಗ ಪ್ರಸಾರ ಡಿಶ್ಶಿಗಿಂತ ಅರ್ಧ ನಿಮಿಷದಷ್ಟು ಹಿಂದೆ ಇರಬಹುದು. ಪಕ್ಕದ ಮನೆಯಲ್ಲಿ ‘ಗೋಲ್’ ಎಂಬ ಕೂಗು ಕೇಳಿ, ನಿಮ್ಮ ಪರದೆಯಲ್ಲಿ ಇನ್ನೂ ಮೂಲೆಯಿಂದ ಒದೆಯುವ ಕಾರ್ನರಿನ ತಯಾರಿ ನಡೆಯುತ್ತಿರುತ್ತದೆ. ಪರಿಹಾರ ಎರಡೇ: ಕಿಟಕಿ ಹಾಕಿ, ಇಲ್ಲವೇ ಪಕ್ಕದ ಮನೆಗೇ ಹೋಗಿ. ಎರಡನೆಯದೇ ಉತ್ತಮ, ಹಲಸಿನ ಹಪ್ಪಳದ ಕಟ್ಟು ಹಿಡಿದುಕೊಂಡು ಹೋದರೆ ಯಾರೂ ಬೇಡ ಅನ್ನುವುದಿಲ್ಲ. ಫೋನಿನಲ್ಲಿ ಸ್ಕೋರ್ ಆ್ಯಪಿನ ಸೂಚನೆ ಬಂದ್ ಮಾಡಿ.

ಪ್ರಸಾರದ ಹಕ್ಕು ಟೂರ್ನಿಯಿಂದ ಟೂರ್ನಿಗೆ ಕೈ ಬದಲಾಗುತ್ತದೆ. ಕಳೆದ ಸಲ ಬಂದ ಚಾನೆಲ್ಲಿಗೇ ವರ್ಷದ ಚಂದಾ ಕಟ್ಟಿ ಕೂರಬೇಡಿ. ಒಂದು ವಾರ ಮೊದಲು ನೋಡಿಕೊಂಡು ತಿಂಗಳಿಗೆ ಮಾತ್ರ ಕಟ್ಟಿ. ವಿಶ್ವಕಪ್ ಫೈನಲಿನಂಥ ಪಂದ್ಯಗಳನ್ನು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕು ಎಂಬ ಕಾನೂನು 2007ರಿಂದ ಇರುವುದರಿಂದ ದೂರದರ್ಶನವನ್ನೂ ಒಮ್ಮೆ ನೋಡಿ. ‘ಉಚಿತ ಲೈವ್’ ಎಂದು ಬರುವ ಲಿಂಕುಗಳು ಹೆಚ್ಚಿನವು ಬೆಟ್ಟಿಂಗ್ ಆ್ಯಪಿನ ಬಾಗಿಲು. ಹಣ ಕಟ್ಟಿ ಆಡುವ ಆನ್‌ಲೈನ್ ಆಟ 2025ರ ಕಾಯ್ದೆಯಿಂದ ನಿಷಿದ್ಧವಾಗಿದೆ, ಮುಟ್ಟಲು ಹೋಗಬೇಡಿ.

ಆಫ್‌ಸೈಡ್: ಕೇರಂ ಬೋರ್ಡಿನಲ್ಲಿ

ಹೊಸಬರು ಅರ್ಧಕ್ಕೇ ಕೈಬಿಡುವುದು ಈ ಒಂದು ನಿಯಮಕ್ಕೆ. ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ, ಕಾಯಿ ಇಟ್ಟು ನೋಡಿದರೆ ಎರಡು ನಿಮಿಷದ ಕೆಲಸ.

ಬೋರ್ಡಿನ ಒಂದು ಅಂಚು ಗೋಲಿನ ಗೆರೆ ಎಂದಿಟ್ಟುಕೊಳ್ಳಿ. ಕಪ್ಪು ಕಾಯಿ ರಕ್ಷಣೆಯವರು. ಒಂದನ್ನು ಆ ಅಂಚಿಗೆ ತಾಗಿಸಿ ಇಡಿ, ಅವನು ಗೋಲ್‌ಕೀಪರ್. ಇನ್ನೆರಡು ಕಪ್ಪನ್ನು ಒಂದು ಗೇಣು ಮುಂದೆ, ಒಂದೇ ಸಾಲಿನಲ್ಲಿ ಇಡಿ. ಈಗ ಬಿಳಿ ಕಾಯಿ. ಒಂದು ಬಿಳಿ ದೂರದಲ್ಲಿರಲಿ, ಕೆಂಪು ರಾಣಿಯೇ ಚೆಂಡು, ಅದು ಅವನ ಕಾಲಲ್ಲಿ. ಇನ್ನೊಂದು ಬಿಳಿಯನ್ನು ಆ ಎರಡು ಕಪ್ಪಿನ ಸಾಲಿಗೆ ಸರಿಯಾಗಿ ಇಡಿ. ದೂರದವನು ಈಗ ಚೆಂಡು ಒದ್ದರೆ ತಪ್ಪಿಲ್ಲ. ಸಮ ಇದ್ದರೆ ಸರಿ. ಅದೇ ಬಿಳಿಯನ್ನು ಒಂದು ಕಾಯಿಯಷ್ಟು ಗೋಲಿನ ಕಡೆ ಸರಿಸಿ. ಅವನಿಗೂ ಗೋಲಿನ ಗೆರೆಗೂ ನಡುವೆ ಉಳಿದದ್ದು ಕೀಪರ್ ಒಬ್ಬನೇ. ಈಗ ಒದ್ದ ಚೆಂಡಿನ ಆಟಕ್ಕೆ ಅವನು ಕೈಹಾಕಿದರೆ ಆಫ್‌ಸೈಡ್.

ಗಮನಿಸಬೇಕಾದ್ದು: ಲೆಕ್ಕ ಒದೆಯುವವನ ಕಾಲು ಚೆಂಡಿಗೆ ತಾಗುವ ಕ್ಷಣದ್ದು, ಚೆಂಡು ತಲುಪುವ ಕ್ಷಣದ್ದಲ್ಲ. ಬಿಳಿ ಕಾಯಿಯನ್ನು ಸಾಲಿನಲ್ಲಿಟ್ಟು, ರಾಣಿ ಹೊರಟ ಮೇಲೆ ಮುಂದೆ ಓಡಿಸಿ. ಅವನು ಒಬ್ಬನೇ ಕೀಪರ್ ಎದುರು ನಿಂತರೂ ಸರಿ. ‘ಅಷ್ಟು ಮುಂದಿದ್ದಾನಲ್ಲ!’ ಎಂಬ ಟಿವಿ ಮುಂದಿನ ಜಗಳಗಳೆಲ್ಲ ಈ ಒಂದು ಅಂಶ ತಪ್ಪಿದ್ದರಿಂದ. ತನ್ನದೇ ಅರ್ಧ ಮೈದಾನದಲ್ಲಿದ್ದರೆ, ಚೆಂಡಿಗಿಂತ ಹಿಂದಿದ್ದರೆ, ಚೆಂಡು ಗೆರೆಯಾಚೆ ಹೋದ ಮೇಲೆ ಕೊಡುವ ಥ್ರೋ-ಇನ್, ಕಾರ್ನರ್, ಗೋಲ್ ಕಿಕ್‌ನಿಂದ ನೇರ ಬಂದರೆ ಆಫ್‌ಸೈಡ್ ಇಲ್ಲ. ಕೈ ಲೆಕ್ಕಕ್ಕಿಲ್ಲ, ತಲೆ, ಮೈ, ಕಾಲು ಮಾತ್ರ.

ಈಗ ಎರಡು ಕಪ್ಪು ಕಾಯಿಯನ್ನು ಬೋರ್ಡಿನ ನಡುವಿನ ತನಕ ತನ್ನಿ. ಆಡುವ ಜಾಗ ಹೇಗೆ ಕುಗ್ಗಿತು, ಆದರೆ ಬೆನ್ನ ಹಿಂದೆ ಎಷ್ಟು ಬಯಲು ಬಿಟ್ಟಿತು ನೋಡಿ. 2022ರ ನವೆಂಬರ್ 22ರಂದು ಸೌದಿ ಅರೇಬಿಯಾ ಅರ್ಜೆಂಟೀನಾದ ಎದುರು ಮಾಡಿದ್ದು ಇದನ್ನೇ. ಮೆಸ್ಸಿ ಪೆನಾಲ್ಟಿಯಿಂದ ಗೋಲು ಹೊಡೆದ ಮೇಲೆ ಮೊದಲ ಅರ್ಧದಲ್ಲೇ ಅರ್ಜೆಂಟೀನಾ ಇನ್ನೂ ಮೂರು ಬಾರಿ ಚೆಂಡನ್ನು ಬಲೆಗೆ ಹಾಕಿತು, ಮೂರೂ ಆಫ್‌ಸೈಡ್. ವಿರಾಮದ ನಂತರ ಐದು ನಿಮಿಷದ ಅಂತರದಲ್ಲಿ ಸೌದಿ ಎರಡು ಹೊಡೆದು 2–1ರಿಂದ ಗೆದ್ದಿತು. ಆ ಟೂರ್ನಿಯ ಕಪ್ ಎತ್ತಿದ್ದು ಅರ್ಜೆಂಟೀನಾವೇ ಅನ್ನುವುದು ಬೇರೆ ಮಾತು.

ಇದರ ಜೊತೆಗೆ ಗೆರೆಯ ನಿಯಮವೂ ಇರಲಿ: ಚೆಂಡು ಇಡಿಯಾಗಿ ಗೆರೆ ದಾಟಿದರೆ ಮಾತ್ರ ಹೊರಗೆ. ಅದೇ ಟೂರ್ನಿಯಲ್ಲಿ ಸ್ಪೇನ್ ವಿರುದ್ಧ ಜಪಾನಿನ ಮಿತೋಮ ಎಳೆದು ತಂದ ಚೆಂಡು ಹೊರಗೆ ಹೋದಂತೆಯೇ ಕಾಣುತ್ತಿತ್ತು. ಮೇಲಿನಿಂದ ನೋಡಿದರೆ ಎರಡು ಮಿಲಿಮೀಟರಿನಷ್ಟು ಉಳಿದಿತ್ತು. ಗೋಲು ನಿಂತಿತು, ಜಪಾನ್ ಗೆದ್ದಿತು, ಜರ್ಮನಿ ಮನೆಗೆ ಹೋಯಿತು.

ವಿಎಆರ್ (ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆ) ಎಲ್ಲದಕ್ಕೂ ಬರುವುದಿಲ್ಲ ಎಂಬುದೂ ತಿಳಿದಿರಲಿ. ಅದರ ಮುಖ್ಯ ಕೆಲಸ ನಾಲ್ಕು: ಗೋಲು ಹೌದೋ ಅಲ್ಲವೋ, ಪೆನಾಲ್ಟಿ, ನೇರ ಕೆಂಪು ಕಾರ್ಡು, ಕಾರ್ಡು ತಪ್ಪಿ ಬೇರೆಯವನಿಗೆ ಹೋದದ್ದು. ಇನ್ನು ಕೀಪರ್ ಚೆಂಡನ್ನು ಕೈಯಲ್ಲಿ 8 ಸೆಕೆಂಡಿಗಿಂತ ಹೆಚ್ಚು ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್. 2025ರಲ್ಲಿ ಬಂದ ನಿಯಮ ಇದು. ಕೊನೆಯ ಐದು ಸೆಕೆಂಡನ್ನು ರೆಫ್ರಿ ಬೆರಳೆತ್ತಿ ಎಣಿಸುವುದನ್ನು ನೋಡಬಹುದು.

90 ನಿಮಿಷದಲ್ಲಿ ಕಣ್ಣು ಎಲ್ಲಿ

ಚೆಂಡಿನ ಹಿಂದೆಯೇ ಕಣ್ಣು ಓಡಿಸಿದರೆ ಬೇಗ ಬೇಸರ ಬರುತ್ತದೆ. ಕಂಬಳದಲ್ಲಿ ಕೋಣ ಓಡುವುದನ್ನಷ್ಟೇ ನೋಡಿ, ಓಟ ಶುರುವಾಗುವ ಗಂತಿನಲ್ಲಿ ಬಿಡಲು ನಡೆಯುವ ಹೆಣಗಾಟ ನೋಡದೆ ಇದ್ದ ಹಾಗೆ.

ಮೊದಲ ಹತ್ತು ನಿಮಿಷ ಹಿಂದಿನ ಸಾಲು ಎಣಿಸಿ. ಮೂವರೋ ನಾಲ್ವರೋ? ಬದಿಯ ರಕ್ಷಕರು ಹಿಂದೆ ನಿಂತಿದ್ದಾರೋ ಮುಂದೆ ಓಡುತ್ತಿದ್ದಾರೋ? ಒಬ್ಬ ಪದೇ ಪದೇ ಮುಂದೆ ಹೋಗುತ್ತಿದ್ದರೆ ಅವನ ಬೆನ್ನ ಹಿಂದಿನ ಜಾಗವನ್ನು ನೆನಪಿಡಿ. ಆ ತಂಡ ಗೋಲು ತಿಂದರೆ ಚೆಂಡು ಬಹುಶಃ ಅಲ್ಲಿಂದಲೇ ಬರುತ್ತದೆ. ಆರಂಭದಲ್ಲಿ ತೋರಿಸುವ 4-3-3 (ರಕ್ಷಕರು, ನಡುವಿನವರು, ಮುಂದಿನವರು) ಎಂಬ ಅಂಕಿಯನ್ನು ಹೆಚ್ಚು ನಂಬಬೇಡಿ, ಚೆಂಡು ಕಳೆದುಕೊಂಡ ಕೂಡಲೇ ಅದು 4-5-1 ಆಗಿರುತ್ತದೆ.

ಆಮೇಲಿನ ಹತ್ತು ನಿಮಿಷ ಒಬ್ಬನನ್ನೇ ನೋಡಿ: ರಕ್ಷಕರ ಮುಂದೆ, ಮೈದಾನದ ನಡುವೆ ಆಡುವವನನ್ನು. ಚೆಂಡು ಬರುವ ಮೊದಲೇ ಅವನು ಎಷ್ಟು ಸಲ ಹಿಂದೆ ತಿರುಗಿ ನೋಡುತ್ತಾನೆ ಎಣಿಸಿ. 2024ರ ಯುರೋದಲ್ಲಿ ಟೂರ್ನಿಯ ಶ್ರೇಷ್ಠ ಆಟಗಾರ ಎನಿಸಿದ ಸ್ಪೇನಿನ ರೋದ್ರಿ ಆ ಜಾಗದವನೇ. ಇಂಥವನು ಗೋಲು ಹೊಡೆಯುವುದು ಅಪರೂಪ, ಮುಖ್ಯಾಂಶಗಳ ವಿಡಿಯೊದಲ್ಲಿ ಕಾಣಿಸುವುದೂ ಅಪರೂಪ. ಬರೀ ಮುಖ್ಯಾಂಶ ನೋಡುವವರಿಗೆ ಫುಟ್‌ಬಾಲ್ ದಕ್ಕದಿರುವುದು ಇದಕ್ಕೇ.

60ರಿಂದ 75ನೇ ನಿಮಿಷದ ನಡುವೆ ಎದ್ದು ಹೋಗಬೇಡಿ. ಐದು ಬದಲಾವಣೆಗೆ ಅವಕಾಶ, ಅದನ್ನು ವಿರಾಮ ಬಿಟ್ಟು ಮೂರು ಸಲದಲ್ಲಿ ಮುಗಿಸಬೇಕು. ಹಾಗಾಗಿ ಇಬ್ಬಿಬ್ಬರು ಒಟ್ಟಿಗೆ ಇಳಿಯುತ್ತಾರೆ. ದಣಿದ ರಕ್ಷಕನ ಎದುರು ಹೊಸ ಕಾಲು ಬರುವ ಹೊತ್ತು ಅದು. 2024ರ ಯುರೋ ಫೈನಲಿನಲ್ಲಿ ಇಂಗ್ಲೆಂಡಿಗೆ 73ನೇ ನಿಮಿಷದಲ್ಲಿ ಸಮ ಮಾಡಿಕೊಟ್ಟ ಪಾಮರ್, 86ನೇ ನಿಮಿಷದಲ್ಲಿ ಸ್ಪೇನಿಗೆ ಕಪ್ ತಂದ ಒಯಾರ್ಸಬಾಲ್ ಇಬ್ಬರೂ ಬದಲಿಯಾಗಿ ಬಂದವರು. ಟೀ ಮಾಡುವುದಿದ್ದರೆ 50ನೇ ನಿಮಿಷದಲ್ಲಿ ಮಾಡಿ.

ಪೆನಾಲ್ಟಿ ಶುರುವಾದರೆ ಒದೆಯುವವನನ್ನಲ್ಲ, ಕೀಪರನ ಕಾಲನ್ನು ನೋಡಿ. ದೂರ 11 ಮೀಟರ್, ಗೋಲಿನ ಅಗಲ 7.32 ಮೀಟರ್. ಒದೆಯುವ ಕ್ಷಣದಲ್ಲಿ ಕೀಪರನ ಒಂದು ಪಾದದ ಭಾಗವಾದರೂ ಗೆರೆಯ ಮೇಲೆ ಇಲ್ಲವೇ ಅದರ ಹಿಂದೆ ಇರಲೇಬೇಕು. ಮೊದಲೇ ಒಂದು ಬದಿಗೆ ವಾಲಿದರೆ ಒದೆಯುವವನಿಗೆ ಇನ್ನೊಂದು ಬದಿ ತೆರೆದಂತೆ. ಕೊನೆಯ ತನಕ ಅಲುಗಾಡದೆ ನಿಂತರೆ ತಲುಪಲು ಸಮಯ ಸಾಲದು. ಮೇಲೆ ಹೇಳಿದ 2022ರ ಪಂದ್ಯದಲ್ಲಿ ಮೊರಾಕೊದ ಕೀಪರ್ ಬೂನೂ ಎದುರು ಸ್ಪೇನ್ ಮೂರು ಒದೆತದಲ್ಲಿ ಒಂದನ್ನೂ ಗೋಲು ಮಾಡಲಿಲ್ಲ.

ಟೂರ್ನಿ ಇಲ್ಲದ ತಿಂಗಳು

ಮಾರ್ಚ್, ಜೂನ್, ಸೆಪ್ಟೆಂಬರ್–ಅಕ್ಟೋಬರ್, ನವೆಂಬರಿನಲ್ಲಿ ಕ್ಲಬ್ಬುಗಳು ಆಟಗಾರರನ್ನು ದೇಶಕ್ಕೆ ಬಿಟ್ಟುಕೊಡುವ ವಾರಗಳಿರುತ್ತವೆ. ಒಂದೆರಡು ಅರ್ಹತಾ ಪಂದ್ಯ ನೋಡಿದರೆ ಸಾಕು. ಆಫ್ರಿಕಾ ಕಪ್ಪನ್ನು ನಮ್ಮವರು ಸುಮ್ಮನೆ ಬಿಟ್ಟುಬಿಡುತ್ತಾರೆ, ಬಿಡಬಾರದು: 2024ರ ಆರಂಭದಲ್ಲಿ ನಡೆದ ಟೂರ್ನಿಯಲ್ಲಿ ಆತಿಥೇಯ ಐವರಿ ಕೋಸ್ಟ್ ಗುಂಪು ಹಂತದಲ್ಲಿ 4–0 ಸೋತು, ನಡುವೆ ತರಬೇತುದಾರರನ್ನೇ ಕಳಿಸಿ, ಕೊನೆಗೆ ಕಪ್ ಗೆದ್ದಿತು. 2027ರ ಮಹಿಳಾ ವಿಶ್ವಕಪ್ ಬ್ರೆಜಿಲ್‌ನಲ್ಲಿ. ಬ್ರೆಸಿಲಿಯಾಕ್ಕೆ ಎಂಟೂವರೆ ಗಂಟೆ ಕೂಡಿಸಿ.

ಒಮ್ಮೆಯಾದರೂ ಮೈದಾನದಲ್ಲಿ ನೋಡಿ, ಟಿವಿ ತೋರಿಸದ್ದು ಅಲ್ಲಿ ಕಾಣುತ್ತದೆ. ಭಾರತದ ಪಂದ್ಯ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಬಂದರೆ ರಾತ್ರಿ ಬಸ್ಸಿನಲ್ಲಿ ಹೋಗಿ ಬರಬಹುದು. 2023ರ ಜುಲೈ 4ರಂದು ಕುವೈತನ್ನು ಪೆನಾಲ್ಟಿಯಲ್ಲಿ ಸೋಲಿಸಿ ಭಾರತ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಗೆದ್ದದ್ದು ಅಲ್ಲೇ. ಅಷ್ಟು ದೂರ ಬೇಡದಿದ್ದರೆ ಮಂಗಳೂರಿನ ನೆಹರೂ ಮೈದಾನದಲ್ಲಿ ಪಂದ್ಯ ಇರುವ ಸಂಜೆ ಹೋಗಿ. ಗೆರೆಯ ಪಕ್ಕ ನಿಲ್ಲಬೇಡಿ, ಗೋಲಿನ ಹಿಂದೆ ಸ್ವಲ್ಪ ಎತ್ತರದ ಜಾಗ ಸಿಕ್ಕಿದರೆ ಅಲ್ಲಿ ನಿಲ್ಲಿ. ಕೇರಂ ಬೋರ್ಡಿನಲ್ಲಿ ಇಟ್ಟ ಆ ಕಪ್ಪು ಕಾಯಿಗಳ ಸಾಲು ಕೀಪರನ ಕೂಗಿಗೆ ಮುಂದೆ ಹೋಗುವುದು, ಹಿಂದೆ ಬರುವುದು ಅಲ್ಲಿಂದ ಸರಿಯಾಗಿ ಕಾಣುತ್ತದೆ, ಕೂಗೂ ಕೇಳುತ್ತದೆ. ಕೊಡೆ ಮಾತ್ರ ಬಿಚ್ಚಬೇಡಿ, ಹಿಂದಿನವರು ಬೈಯುತ್ತಾರೆ. ರೈನ್‌ಕೋಟ್ ಹಾಕಿಕೊಂಡು ಹೋಗಿ.